ರಜೆ ನಿಯಮದ ಫೈಲು ಎಲ್ಲಿರಬೇಕು?

ರಜೆ ನಿಯಮದ ಫೈಲು ನಿಮ್ಮ ಆಫೀಸಿನಲ್ಲಿ ಎಷ್ಟು ಕಡೆ ಇದೆ? ಒಂದರಲ್ಲಿ ಹಳೇ ಲೆಕ್ಕ, ಇನ್ನೊಂದರಲ್ಲಿ ಹೊಸದು. ಯಾವುದನ್ನು ನಂಬಿ ಊರಿಗೆ ಟಿಕೆಟ್ ಬುಕ್ ಮಾಡೋದು?

ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲಿ ಎರಡು ಬಗೆಯ ಜಾಗಗಳಿವೆ. ಟೀಮ್ ಸೈಟ್‌ನಲ್ಲಿ ತಂಡದ ಸದಸ್ಯರೆಲ್ಲ ಫೈಲು ತಿದ್ದಬಹುದು. ಟೀಮ್ಸ್ ಚಾನೆಲ್‌ಗೆ ಹಾಕಿದ ಫೈಲು ಹೋಗಿ ಕೂರುವುದೂ ಇಂಥ ಸೈಟ್‌ನಲ್ಲೇ (ಬಹಳ ಜನಕ್ಕೆ ಇದು ಗೊತ್ತೇ ಇರಲ್ಲ). ಪೋರ್ಟಲ್ ಥರ ಬಳಸುವ ಕಮ್ಯುನಿಕೇಶನ್ ಸೈಟ್‌ನಲ್ಲಿ ಬರೆಯುವವರು ಕೆಲವರು, ಓದುವವರು ಇಡೀ ಕಂಪನಿ.

ಹಾಗಾಗಿ ಮೊದಲು ತಿದ್ದೋರು ಯಾರು ಅಂತ ಕೇಳಿ. ಕರಡು ಟೀಮ್ ಸೈಟ್‌ನಲ್ಲಿರಲಿ. ಒಪ್ಪಿಗೆ ಸಿಕ್ಕಮೇಲೆ ಪೋರ್ಟಲ್‌ಗೆ ಹಾಕಿ, ಎಲ್ಲರಿಗೂ ಲಿಂಕ್ ಮಾತ್ರ ಕಳಿಸಿ. ಅಟ್ಯಾಚ್‌ಮೆಂಟ್ ಕಳಿಸಿದಿರೋ, ಇನ್ನೊಂದು ಪ್ರತಿ ಹುಟ್ಟಿತು ಅಂತಲೇ ಲೆಕ್ಕ! ನಿಯಮ ಬದಲಾದರೆ ಅದೇ ಫೈಲನ್ನೇ ತಿದ್ದಿ. ಹಳೆಯದು ವರ್ಷನ್ ಹಿಸ್ಟರಿಯಲ್ಲಿ ಸಿಗುತ್ತೆ, ಲಿಂಕೂ ಬದಲಾಗಲ್ಲ.