ಹೃದಯವೈಫಲ್ಯದ ರೋಗಿಗಳೂ ಉಪಶಮನ ಶುಶ್ರೂಷೆಯೂ: ಒಂದು ಶಬ್ದವಿಚಾರ

ಹೃದಯದ ಬಲವು ಕುಂದಿದ ರೋಗಿಗಳು ‘ಉಪಶಮನ ಶುಶ್ರೂಷೆ’ ಎಂಬ ಮಾತಿಗೆ ಬೆದರುವರೆಂಬುದನ್ನು ಹಲವು ದೇಶಗಳ ವೈದ್ಯಸಂಶೋಧಕರು ಕಂಡಿದ್ದಾರೆ. ಅನೇಕರು ಆ ಹೆಸರನ್ನೇ ಕೇಳಿರುವುದಿಲ್ಲ. ಕೇಳಿದವರು ಅದು ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಸಲ್ಲುವುದೆಂದೋ, ವೈದ್ಯರು ಕೈಬಿಟ್ಟ ಮೇಲಿನ ಉಪಚಾರವೆಂದೋ ಭಾವಿಸುವರು. ಆದರೆ ಬೇಕಾದುದೇನೆಂದು ಅವರನ್ನೇ ವಿಚಾರಿಸಿದರೆ, ಏದುಸಿರು ತಗ್ಗುವುದು, ಮುಂದಿನ ಸ್ಥಿತಿಯನ್ನು ಮರೆಮಾಚದೆ ತಿಳಿಸುವವರು, ಮನೆಯವರ ಭಾರವು ಹಗುರಾಗುವುದು ಎಂದು ಎಣಿಸುವರು. ಇವೆಲ್ಲವೂ ಆ ಶುಶ್ರೂಷೆಯ ಅಂಗಗಳೇ. ಆದುದರಿಂದ ಅವರು ಬಹುಮಟ್ಟಿಗೆ ನಿರಾಕರಿಸುವುದು ಹೆಸರನ್ನು, ವಸ್ತುವನ್ನಲ್ಲ.

ಬೀದರ ಸೀಮೆಯಲ್ಲಿ ಈ ತೊಡಕು ಹೇಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಭಾಲ್ಕಿ, ಔರಾದಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ವೈದ್ಯವಿದ್ಯಾಲಯದ ದೊಡ್ಡ ಆಸ್ಪತ್ರೆಯಿರುವುದು ಬೀದರ ನಗರದಲ್ಲಿ. ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಈ ನಾಡಿನಲ್ಲಿ ಉಸಿರಿಗೆ ‘ದಮ್ಮು’ ಎಂಬ ಪಾರಸಿ ಮೂಲದ ಮಾತು ಮನೆಮಾತಾಗಿದೆ. ಮೆಟ್ಟಿಲೇರಿದರೆ ದಮ್ಮು ಹತ್ತುವುದೆಂದು ಬಂದವನಿಗೆ ‘ಹಾರ್ಟ್ ಫೇಲ್ಯೂರ್’ ಎಂದರೆ ಆತನು ಗ್ರಹಿಸುವುದೇನು? ‘ಹಾರ್ಟ್ ಫೇಲ್’ ಆಯಿತೆಂದರೆ ಲೋಕರೂಢಿಯಲ್ಲಿ ಹಠಾತ್ತಾಗಿ ಸತ್ತನೆಂದೇ ಅರ್ಥ. ವಾಸ್ತವದಲ್ಲಿ ಹೃದಯವು ನಿಂತಿಲ್ಲ; ರಕ್ತವನ್ನು ನೂಕುವ ಶಕ್ತಿ ತಗ್ಗಿ, ಶ್ವಾಸಕೋಶದಲ್ಲಿಯೂ ಕಾಲುಗಳಲ್ಲಿಯೂ ನೀರು ತುಂಬಿದೆ, ಅಷ್ಟೆ. ರೋಗವು ಏರಿಳಿಯುತ್ತ ವರ್ಷಗಟ್ಟಲೆ ನಡೆಯಬಹುದು.

‘ಉಪಶಮನ’ವೂ ನಿರ್ದೋಷವಾದ ಶಬ್ದವಲ್ಲ. ಶಾಂತಗೊಳಿಸುವುದೆಂಬುದು ಅದರ ಮುಖ್ಯಾರ್ಥ. ಆದರೆ ಅಮರಕೋಶದಲ್ಲಿ ‘ಶಮನ’ವು ಯಮನ ಹೆಸರುಗಳಲ್ಲೊಂದು. ಪಾಶ್ಚಾತ್ಯರಿಗೂ ಹೆಸರಿನ ಈ ಸಂಕಟ ತಪ್ಪಲಿಲ್ಲ. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು 1967ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಆಲಯಕ್ಕೆ ‘ಹಾಸ್ಪಿಸ್’ ಎಂದು ಹೆಸರು. ಕೆನಡಾದ ಬಾಲ್ಫೋರ್ ಮೌಂಟ್ ಎಂಬ ವೈದ್ಯನು ಮಾಂಟ್ರಿಯಲ್ ನಗರದಲ್ಲಿ ಅಂಥದನ್ನೇ ಆರಂಭಿಸಹೊರಟಾಗ, ಫ್ರೆಂಚಿನಲ್ಲಿ ಆ ಶಬ್ದವು ದಿಕ್ಕಿಲ್ಲದವರ ಆಶ್ರಯವನ್ನು ಸೂಚಿಸುತ್ತಿದ್ದುದರಿಂದ, ಅದನ್ನು ಬಿಟ್ಟು ‘ಪ್ಯಾಲಿಯೇಟಿವ್’ ಎಂಬುದನ್ನು ಆರಿಸಿಕೊಂಡನು. ಹೊದಿಕೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಆ ಹೆಸರಿಗೂ ಈಗ ಮರಣದ ವಾಸನೆಯೇ ಹತ್ತಿದೆ.

ಇಲ್ಲಿ ಪ್ರಾಚೀನ ವೈದ್ಯಶಾಸ್ತ್ರದ ಒಂದು ವಿಭಾಗವು ಸಹಾಯಕವಾಗುವುದು. ಚರಕಾಚಾರ್ಯರು ಅಸಾಧ್ಯರೋಗಗಳನ್ನು ಎರಡಾಗಿ ವಿಂಗಡಿಸಿದ್ದಾರೆ: ಚಿಕಿತ್ಸೆಗೆ ಎಡೆಯೇ ಇಲ್ಲದುದು ಒಂದು, ಗುಣವಾಗದಿದ್ದರೂ ಪಥ್ಯೌಷಧಗಳಿಂದ ನಿರ್ವಹಿಸಿಕೊಂಡು ಹೋಗಬಹುದಾದ ‘ಯಾಪ್ಯ’ವು ಇನ್ನೊಂದು. ಬೀಳಲಿರುವ ಮನೆಗೆ ಚೆನ್ನಾಗಿ ಕೊಟ್ಟ ಊರೆಗಂಬವನ್ನು ಸುಶ್ರುತರು ಇದಕ್ಕೆ ಹೋಲಿಸುತ್ತಾರೆ. ಇಂದಿನ ಹೃದಯವೈಫಲ್ಯವು ಅವರಿಗೆ ತಿಳಿದಿತ್ತೆಂದು ಇದರ ತಾತ್ಪರ್ಯವಲ್ಲ. ವಿಭಾಗವು ಮಾತ್ರ ಉಪಯುಕ್ತ. ರೋಗಿಯು ತನ್ನನ್ನು ತ್ಯಾಜ್ಯನೆಂದು ತಿಳಿಯುತ್ತಾನೆ, ಆತನು ಯಾಪ್ಯನು. ಆದರೂ ‘ಯಾಪನ’ವನ್ನೇ ಹೆಸರಾಗಿ ಇಡುವಂತಿಲ್ಲ, ‘ಕಾಲಯಾಪನೆ’ಯೆಂದರೆ ಈಗ ಹೊತ್ತುಗಳೆಯುವುದೆಂಬ ಹೀನಾರ್ಥವೂ ಬಂದಿದೆ.

ಊರೆಗಂಬವನ್ನು ಮನೆ ಬಿದ್ದ ಮೇಲೆ ಕೊಡುವುದಿಲ್ಲ. ಈ ಶುಶ್ರೂಷೆಯನ್ನು ರೋಗದ ಆರಂಭದಿಂದಲೇ ಇತರ ಚಿಕಿತ್ಸೆಯೊಡನೆ ನಡೆಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿಯೇ ನಿರೂಪಿಸಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮುಂದುವರಿದ ಹೃದಯವೈಫಲ್ಯದ 150 ರೋಗಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲವೂ ಗಮನಾರ್ಹ: ವಾಡಿಕೆಯ ಚಿಕಿತ್ಸೆಯೊಡನೆ ಇದನ್ನೂ ಪಡೆದವರು ಆರು ತಿಂಗಳಲ್ಲಿ ಹೆಚ್ಚಿನ ನೆಮ್ಮದಿಯನ್ನು ಕಂಡರು, ಕಳವಳವೂ ಖಿನ್ನತೆಯೂ ತಗ್ಗಿದುವು.

ಉಳಿದುದು ‘ಶುಶ್ರೂಷೆ’. ಕೇಳಬೇಕೆಂಬ ಇಚ್ಛೆಯೇ ಅದರ ಧಾತ್ವರ್ಥ. ಸೇವೆಯೆಂಬ ಅರ್ಥವು ಅನಂತರ ಬಂದುದು. ಔರಾದದ ರೋಗಿಯಾಗಲಿ ಭಾಲ್ಕಿಯವನಾಗಲಿ ತನ್ನ ದಮ್ಮಿನ ಕಷ್ಟವನ್ನು ತನ್ನ ಮಾತಿನಲ್ಲಿಯೇ ಹೇಳಿಕೊಳ್ಳಲು ಅವಕಾಶವನ್ನು ಮೊದಲು ಕೊಟ್ಟು, ಹೆಸರನ್ನು ಅನಂತರ ಹೇಳುವುದು ಯುಕ್ತ.