ಚಾರ್ಜ್ 70%, ಆದ್ರೂ ಗಾಡಿ ಸ್ಟಾರ್ಟ್ ಆಗ್ಲಿಲ್ಲ: ಇವಿ ಒಳಗಿನ ಪುಟ್ಟ ಬ್ಯಾಟರಿ

ಗಣೇಶ ಹಬ್ಬಕ್ಕೆ ಹುಬ್ಬಳ್ಳಿಗೆ ಹೋಗಿ ಹದಿನೈದು ದಿನ ಆದ್ಮೇಲೆ ಡೊಂಬಿವ್ಲಿಗೆ ವಾಪಸ್ ಬಂದೆ. ಸೋಮವಾರ ಬೆಳಗ್ಗೆ ಐರೋಲಿ ಆಫೀಸಿಗೆ ಹೊರಡೋಣ ಅಂತ ಪಾರ್ಕಿಂಗಿಗೆ ಹೋದ್ರೆ ಇವಿ ಬಾಗಿಲೇ ತೆಗೀತಿಲ್ಲ. ಊರಿಗೆ ಹೋಗುವಾಗ 70% ಚಾರ್ಜ್ ಇತ್ತು. ದೊಡ್ಡ ಬ್ಯಾಟರಿ ಹೋಯ್ತು, ಲಕ್ಷಗಟ್ಟಲೆ ಖರ್ಚು ಬಂತು ಅಂತ ಎದೆ ಧಸಕ್ಕೆಂದಿತು. ಕೀಲಿ ಹಾಕಿ ಬಾಗಿಲು ತೆಗೆದೆ. ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲೆ. ಕಲ್ಯಾಣದಿಂದ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ, ಮೀಟರ್ ಹಿಡಿದು, "ಸಾಹೇಬ್, ಛೋಟಿ ಬ್ಯಾಟರಿ ಉತರ್ಲಿ" ಅಂದ. 12 ವೋಲ್ಟಿಂದು!

ಇವಿಯಲ್ಲಿ ಅದಕ್ಕೇನು ಕೆಲಸ? ಇಲ್ಲೇ ಇಸಿಯು ಕಥೆ ಬರೋದು.

ಪೆಟ್ರೋಲ್ ಗಾಡಿಯ ಇಂಜಿನ್ ಇಸಿಯು ಒಂದು ಪುಟ್ಟ ಕಂಪ್ಯೂಟರ್. ಕ್ರ್ಯಾಂಕ್ ಎಲ್ಲಿದೆ, ಗಾಳಿ ಎಷ್ಟು ಬಂತು, ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳೀತು ಅಂತ ನೋಡಿ, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅಂತ ಲೆಕ್ಕ ಹಾಕುತ್ತೆ. 3000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರಿಗೂ ಸೆಕೆಂಡಿಗೆ 25 ಸಲ!

ಇವಿಯಲ್ಲಿ ಈ ಲೆಕ್ಕ ಇಲ್ಲ, ಆದ್ರೆ ಕಂಪ್ಯೂಟರ್‌ಗಳು ಇವೆ. ಬಿಎಂಎಸ್ ಸೆಲ್‌ಗಳ ವೋಲ್ಟೇಜು, ಬಿಸಿ ನೋಡುತ್ತೆ. ವಿಸಿಯು ನಿಮ್ಮ ಕಾಲಿನ ಮಾತು ಕೇಳುತ್ತೆ. ಮೋಟರ್ ಕಂಟ್ರೋಲರ್ ಡಿಸಿಯನ್ನು ಎಸಿ ಮಾಡುತ್ತೆ. ಎಲ್ಲಾ ಮಾತಾಡೋದು ಕ್ಯಾನ್ ಬಸ್ ಮೇಲೆ, 1986ರಲ್ಲಿ ಬಾಷ್ ಕಂಪನಿ ತಂದದ್ದು. ಇಬ್ಬರು ಒಟ್ಟಿಗೆ ಬಾಯಿ ಹಾಕಿದ್ರೆ ಸಣ್ಣ ಐಡಿಯ ಮೆಸೇಜು ಮೊದಲು ಹೋಗುತ್ತೆ. ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗಿಗಿಂತ ಶಿಸ್ತು, ಬಿಡಿ.

ಈ ಇಸಿಯುಗಳೆಲ್ಲ ಓಡೋದು 12 ವೋಲ್ಟಲ್ಲಿ. ಗಾಡಿ ಆಫ್ ಇದ್ದಾಗ ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯನ್ನ ಕಾಂಟ್ಯಾಕ್ಟರ್ ಅನ್ನೋ ದಪ್ಪ ರಿಲೇಗಳು ಕಡಿದು ಇಟ್ಟಿರುತ್ತವೆ, ಸುರಕ್ಷತೆಗೆ. ಆ ರಿಲೇ ಕೂಡಿಸೋಕೂ 12 ವೋಲ್ಟೇ ಬೇಕು. ಕೀಲಿಕೈ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡ ಹಾಗೆ. ಪೆಟ್ರೋಲ್ ಗಾಡಿಯಲ್ಲಿ ಬ್ಯಾಟರಿ ಸೋತರೆ ಸ್ಟಾರ್ಟರ್ ಒಂದೆರಡು ದಿನ ನರಳಿ ಸುಳಿವು ಕೊಡುತ್ತೆ. ಇಲ್ಲಿ ಸ್ಟಾರ್ಟರೇ ಇಲ್ಲ, ನರಳೋರು ಯಾರು?

ಮತ್ತೆ, ಬ್ಯಾಟರಿ ಖಾಲಿ ಮಾಡಿದ್ದು? ಬಹುಶಃ ನಾನೇ. ನಿಂತ ಗಾಡಿಯ ಇಸಿಯುಗಳು ಮಲಗಬೇಕು. ಹುಬ್ಬಳ್ಳಿಯಲ್ಲಿ ಕೂತು ದಿನಕ್ಕೆ ಹತ್ತು ಸಲ ಆ್ಯಪ್ ತೆಗೆದು ಚಾರ್ಜ್ ನೋಡ್ತಿದ್ದೆ. ಪ್ರತಿ ಸಲಾನೂ ಅವುಗಳನ್ನ ಎಬ್ಬಿಸಿದ ಹಾಗೆ. ಕೆಲವು ಗಾಡಿಗಳು ನಿಂತಾಗಲೂ ದೊಡ್ಡದರಿಂದ ಸಣ್ಣದಕ್ಕೆ ತಾವೇ ತುಂಬಿಕೊಳ್ತವೆ, ನನ್ನದು ಹಾಗಲ್ಲ.

ಮೆಕ್ಯಾನಿಕ್ ಹೊರಗಿಂದ 12 ವೋಲ್ಟ್ ಕೊಟ್ಟ, 'ರೆಡಿ' ದೀಪ ಬಂತು, ಚಾರ್ಜ್ 68%. ಒಂದು ಗಂಟೆ ಹಾಗೇ ಆನ್ ಬಿಟ್ಟೆ, ಡಿಸಿ-ಡಿಸಿ ಕನ್ವರ್ಟರ್ ಸಣ್ಣದನ್ನ ತುಂಬಲಿ ಅಂತ. ನಿಮಗೂ ಹೀಗಾದ್ರೆ ಜಂಪ್ ಪಾಯಿಂಟ್ ಎಲ್ಲಿದೆ ಅಂತ ಮ್ಯಾನ್ಯುಯಲ್ ನೋಡಿ. ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಲೇಬೇಡಿ, ಅದು ದೊಡ್ಡ ಬ್ಯಾಟರಿಯದು.