ಅಮ್ಮಸಂದ್ರದ ಬಯಲಿನಲ್ಲಿ ಒಂದು ಹಗಲು

ಮರುಭೂಮಿಯ ಹಕ್ಕಿಗಳನ್ನು ಕಾಣಬೇಕಾದರೆ ರಾಜಸ್ಥಾನಕ್ಕೋ ಅರೇಬಿಯಕ್ಕೋ ಹೋಗಬೇಕೆಂದು ಬಹುಮಂದಿ ಭಾವಿಸುತ್ತಾರೆ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಮೆ ಮಳೆ ಬೀಳುವ ನೆಲವನ್ನು ಭೂಗೋಳ ಶಾಸ್ತ್ರಜ್ಞರು ಸಾಮಾನ್ಯವಾಗಿ ಮರುಭೂಮಿಯೆಂದು ಕರೆಯುತ್ತಾರೆ. ಆ ಲೆಕ್ಕದಲ್ಲಿ ನಮ್ಮ ತುಮಕೂರು ಜಿಲ್ಲೆ ಮರುಭೂಮಿಯಲ್ಲ. ಅದು ಅರೆಶುಷ್ಕ ಸೀಮೆ. ಆದರೆ ಬೇಸಗೆಯಲ್ಲಿ ನೆರಳಿಲ್ಲದ ಬಯಲಿನಲ್ಲಿ ಬದುಕುವ ಹಕ್ಕಿಗೆ ಈ ಹೆಸರುಗಳ ಭೇದದಿಂದ ಆಗಬೇಕಾದುದೇನು? ಉರಿಬಿಸಿಲನ್ನು ತಾಳುವುದು ಹೇಗೆ, ನೀರನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಎರಡು ಪ್ರಶ್ನೆಗಳು ಇಲ್ಲಿಯೂ ಅದನ್ನು ಕಾಡುತ್ತವೆ.

ಇವುಗಳಿಗೆ ಹಕ್ಕಿಗಳು ಕಂಡುಕೊಂಡ ಉತ್ತರವನ್ನು ನೋಡಲು ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಸುತ್ತಿನ ಸೀಮೆ ತಕ್ಕ ಸ್ಥಳ. ಬೆಂಗಳೂರು–ಅರಸೀಕೆರೆ ರೈಲುಮಾರ್ಗದಲ್ಲಿರುವ ಈ ಊರನ್ನು ಜನ ಸಿಮೆಂಟಿನಿಂದ ಬಲ್ಲರು. ಸುತ್ತಿನ ನಾಡನ್ನು ತೆಂಗಿನಿಂದ ಬಲ್ಲರು. ಆದರೆ ತೋಟದ ಬೇಲಿ ದಾಟಿದರೆ ರಾಗಿ ಹುರುಳಿಗಳ ಬೆದ್ದಲು, ಅದರಾಚೆಗೆ ಕುರುಚಲು ಗುಡ್ಡ, ಹುಲ್ಲು ಬಯಲು. ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕಡೆಗೂ ನೆಲದ ರೂಪ ಇದೇ. ಮಾರ್ಚಿ ತಿಂಗಳ ಮೊದಲ ವಾರದ ಒಂದು ದಿನ ವಾಚಕರನ್ನು ಈ ಬಯಲಿಗೆ ಕರೆದೊಯ್ಯೋಣ. ಕೈಯಲ್ಲಿ ಒಂದು ದುರ್ಬೀನು, ಒಂದು ಟಿಪ್ಪಣಿ ಪುಸ್ತಕ, ತಲೆಗೆ ಟೋಪಿ, ಸಾಕಷ್ಟು ಕುಡಿಯುವ ನೀರು ಇದ್ದರೆ ಸಾಕು.

ಬೆಳಗಿನ ಗೀತ

ಸೂರ್ಯೋದಯಕ್ಕೆ ಮೊದಲೇ ಬಯಲನ್ನು ಸೇರಬೇಕು. ಮೊದಲು ಕೇಳಿಬರುವುದು ಗೌಜಲ ಹಕ್ಕಿಯ ಗಟ್ಟಿಯಾದ ಕೂಗು. ಪೊದೆಯೊಂದರಿಂದ ಹೊರಟ ಸವಾಲಿಗೆ ಮತ್ತೊಂದು ಪೊದೆಯಿಂದ ಜವಾಬು ಬರುತ್ತದೆ. ಕೂಗುವ ಹಕ್ಕಿ ಮಾತ್ರ ಸುಲಭವಾಗಿ ಕಣ್ಣಿಗೆ ಬೀಳದು. ಮಣ್ಣು, ಒಣಹುಲ್ಲು, ಬೆನ್ನಿನ ಗರಿ ಎಲ್ಲವೂ ಒಂದೇ ಬಣ್ಣ.

ಬೆಳಕು ಹರಿದಂತೆ ನೆಲಗುಬ್ಬಿಗಳು ಏಳುತ್ತವೆ. ಕಾಡಿನ ಹಕ್ಕಿಗೆ ಹಾಡಲು ಎತ್ತರದ ಕೊಂಬೆಯುಂಟು. ಮರವೇ ಇಲ್ಲದ ಬಯಲಿನ ಹಕ್ಕಿ ಎಲ್ಲಿ ನಿಂತು ಹಾಡಬೇಕು? ಗಂಡು ನೆಲಗುಬ್ಬಿ ಆಕಾಶವನ್ನೇ ವೇದಿಕೆ ಮಾಡಿಕೊಂಡಿದೆ. ರೆಕ್ಕೆ ಬಡಿಯುತ್ತ ಮೇಲೇರುತ್ತದೆ. ರೆಕ್ಕೆ ಮಡಚಿ ಸಿಳ್ಳು ಹಾಕುತ್ತ ಕಲ್ಲಿನಂತೆ ಕೆಳಗೆ ಬೀಳುತ್ತದೆ. ನೆಲ ಮುಟ್ಟುವ ಮೊದಲೇ ತಿರುಗಿ ಮೇಲೇರುತ್ತದೆ. ತನ್ನ ಸೀಮೆಯ ಎಲ್ಲೆಯನ್ನು ಸಾರುವ, ಹೆಣ್ಣನ್ನು ಒಲಿಸಿಕೊಳ್ಳುವ ಉಪಾಯ ಇದು.

ನೆಲದ ಮೇಲಣ ಮನೆ

ಬಿಸಿಲೇರುವ ಹೊತ್ತಿಗೆ ಟಿಟ್ಟಿಭವೊಂದು ಅರಚುತ್ತ ನಮ್ಮ ತಲೆಯ ಮೇಲೆ ಸುತ್ತತೊಡಗಿದರೆ, ನಾವು ಅದರ ಗೂಡನ್ನು ಸಮೀಪಿಸಿದ್ದೇವೆಂದು ತಿಳಿಯಬೇಕು. ಗೂಡೆಂದರೆ ಬರಿಯ ನೆಲದ ಒಂದು ತಗ್ಗು, ಸುತ್ತ ನಾಲ್ಕು ಹರಳು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮೊನಚಾದ ತುದಿಗಳು ಒಳಮುಖವಾಗಿರುತ್ತವೆ. ಬಣ್ಣ ಜಲ್ಲಿಕಲ್ಲಿನದೇ. ಕಾಲಿಡುವವರೆಗೂ ಅದು ಮೊಟ್ಟೆಯೆಂದು ತಿಳಿಯದು.

ಇಲ್ಲಿಯೇ ಒಂದು ಸೋಜಿಗವಿದೆ. ಮೊಟ್ಟೆಯ ಮೇಲೆ ಹಕ್ಕಿ ಕೂರುವುದು ಕಾವು ಕೊಡಲೆಂದು ನಾವು ಪಾಠದಲ್ಲಿ ಓದುತ್ತೇವೆ. ಆದರೆ ನಡುಬೇಸಗೆಯ ನೆಲದ ಬಿಸಿಗೆ ಭ್ರೂಣ ಬೆಂದೇಹೋದೀತು. ಆಗ ತಾಯ್ತಂದೆಗಳ ಕೆಲಸ ಬಿಸಿ ಕೊಡುವುದಲ್ಲ, ಬಿಸಿ ತಪ್ಪಿಸುವುದು. ಟಿಟ್ಟಿಭ ಹತ್ತಿರದ ಕೆರೆಗೋ ಹೊಂಡಕ್ಕೋ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಒದ್ದೆಯ ಗರಿಯಿಂದ ನೀರು ಆವಿಯಾಗುವಾಗ ಉಷ್ಣವನ್ನು ಹೀರಿಕೊಳ್ಳುತ್ತದೆ. ನಮ್ಮ ಮನೆಯ ಮಣ್ಣಿನ ಮಡಕೆ ನೀರನ್ನು ತಂಪಾಗಿಡುವುದೂ ಇದೇ ತತ್ತ್ವದಿಂದ.

ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದ ಹಕ್ಕಿ ಸ್ಯಾಂಡ್‌ಗ್ರೌಸ್. ನಮ್ಮ ಜಿಲ್ಲೆಯಲ್ಲಿಯೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, 2007ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಾದ ಹುಲ್ಲುಗಾವಲಿನಲ್ಲಿ ಇದನ್ನು ಕಾಣಬಹುದು. ಪಾರಿವಾಳದಷ್ಟು ದೊಡ್ಡದಾದ ಈ ಹಕ್ಕಿ ಒಣಬೀಜಗಳನ್ನು ತಿಂದು ಬದುಕುತ್ತದೆ. ಆದುದರಿಂದ ಪ್ರತಿದಿನವೂ ನೀರಿಗೆ ಹೋಗಲೇಬೇಕು. ಹಾರಲಾರದ ಮರಿಗಳ ಗತಿಯೇನು? ಗಂಡು ತನ್ನ ಎದೆ ಹೊಟ್ಟೆಗಳ ಗರಿಗಳಲ್ಲಿ ನೀರನ್ನು ಹೀರಿಕೊಂಡು ಹಲವು ಕಿಲೊಮೀಟರ್ ಹಾರಿ ಬರುತ್ತದೆ. ಮರಿಗಳು ಆ ಗರಿಗಳನ್ನು ಚೀಪಿ ನೀರು ಕುಡಿಯುತ್ತವೆ. 1896ರಲ್ಲಿ ಇಂಗ್ಲೆಂಡಿನ ಮೀಡ್-ವಾಲ್ಡೊ ಎಂಬಾತ ತಾನು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ವರದಿ ಮಾಡಿದಾಗ ಹಲವರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮ್ಯಾಕ್ಲೀನ್ ಎಂಬ ವಿಜ್ಞಾನಿಗಳು ಆಫ್ರಿಕದ ಜಾತಿಯೊಂದರ ಗರಿಗಳನ್ನು ಪರೀಕ್ಷಿಸಿ ಸಂಶಯವನ್ನು ಕಳೆದರು. ಆ ಗರಿಯ ಸೂಕ್ಷ್ಮ ಎಳೆಗಳು ಒಣಗಿದಾಗ ಸುರುಳಿ ಸುತ್ತಿಕೊಂಡಿರುತ್ತವೆ. ನೆನೆದಾಗ ಬಿಚ್ಚಿ ನಿಂತು ನೀರನ್ನು ಹಿಡಿದಿಡುತ್ತವೆ. ಹೀಗೆ ಒಂದು ಹಕ್ಕಿ ಸುಮಾರು 25 ಮಿಲಿಲೀಟರು ನೀರನ್ನು ಹೊತ್ತೊಯ್ಯಬಲ್ಲುದು.

ನಡುಹಗಲಿನ ಮೌನ

ಹನ್ನೊಂದು ಗಂಟೆಯಾಯಿತೆಂದರೆ ಬಯಲು ನಿಶ್ಶಬ್ದ. ಹಕ್ಕಿಗಳು ಬೇಲಿಯ ಬುಡ, ಬಂಡೆಯ ನೆರಳುಗಳನ್ನು ಸೇರುತ್ತವೆ. ನೆರಳಿನಲ್ಲಿ ಕುಳಿತ ಕಾಗೆಯನ್ನೇ ಗಮನಿಸಿ: ಕೊಕ್ಕು ತೆರೆದಿರುತ್ತದೆ. ಹಕ್ಕಿಗಳಿಗೆ ನಮ್ಮಂತೆ ಬೆವರಿನ ಗ್ರಂಥಿಗಳಿಲ್ಲ. ತೇಕುವುದರಿಂದ ಬಾಯಿ, ಶ್ವಾಸನಾಳಗಳ ತೇವ ಆವಿಯಾಗಿ ಮೈ ತಂಪಾಗುತ್ತದೆ. ಆದರೆ ಇದಕ್ಕೂ ನೀರು ಖರ್ಚಾಗಬೇಕಷ್ಟೆ. ಹಕ್ಕಿಯ ಮೈಯ ಉಷ್ಣತೆ ಸಹಜವಾಗಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಬಿಸಿಲಿನಲ್ಲಿ ಅದು ಇನ್ನೂ ಒಂದೆರಡು ಡಿಗ್ರಿ ಏರಿದರೂ ಹಲವು ಹಕ್ಕಿಗಳು ತಾಳಿಕೊಂಡು ಅಷ್ಟರಮಟ್ಟಿಗೆ ನೀರನ್ನು ಉಳಿಸುತ್ತವೆ. ಮತ್ತೊಂದು ಉಳಿತಾಯ ಮೂತ್ರದಲ್ಲಿ. ನಮ್ಮ ದೇಹ ಕಶ್ಮಲವನ್ನು ಯೂರಿಯವಾಗಿ, ನೀರಿನಲ್ಲಿ ಕರಗಿಸಿ ಹೊರಹಾಕುತ್ತದೆ. ಹಕ್ಕಿ ಯೂರಿಕ್ ಆಮ್ಲವಾಗಿ, ಬಿಳಿಯ ಗಟ್ಟಿ ಪದಾರ್ಥವಾಗಿ ಹೊರಹಾಕುತ್ತದೆ. ಹಿಕ್ಕೆಯ ಬಿಳಿಬಣ್ಣಕ್ಕೆ ಇದೇ ಕಾರಣ.

ನಾವೂ ಈ ವೇಳೆಯಲ್ಲಿ ತೆಂಗಿನ ತೋಟವನ್ನು ಸೇರುವುದು ಲೇಸು. ಅಲ್ಲಿ ಹೊಂಬಾಳೆಯ ಮೇಲೆ ಸೂರಕ್ಕಿ, ತಂತಿಯ ಮೇಲೆ ಕಾಜಾಣ, ಸುಳಿಯೊಣಗಿದ ಮರದ ತುದಿಯಲ್ಲಿ ನಮ್ಮ ರಾಜ್ಯಪಕ್ಷಿಯಾದ ನೀಲಕಂಠ. ಅಂಥ ಮರದ ಪೊಟರೆಯಲ್ಲಿ ನೀಲಕಂಠ ಗೂಡು ಮಾಡುವುದುಂಟು. ನಿಷ್ಪ್ರಯೋಜಕವೆಂದು ರೈತನು ಕಡಿಯುವ ಮರ ಅದಕ್ಕೆ ಸಿದ್ಧಮನೆ. ಬಾವಿಯ ಮೇಲಕ್ಕೆ ಬಾಗಿದ ಗರಿಗಳಲ್ಲಿ ಕಳೆದ ಮಳೆಗಾಲದ ಗೀಜಗನ ಗೂಡುಗಳು ಇನ್ನೂ ತೂಗುತ್ತಿರಬಹುದು. ಅವು ಮರದ ಯಾವ ದಿಕ್ಕಿನಲ್ಲಿವೆ, ನೋಡಿ. ಹೆಚ್ಚಿನವು ಪೂರ್ವದ ಕಡೆಗಿರುತ್ತವೆ. ನೈಋತ್ಯದಿಂದ ಬೀಸುವ ಮುಂಗಾರಿನ ಗಾಳಿಗೆ ಮರವೇ ಮರೆಯಾಗುತ್ತದೆ.

ಸಂಜೆಯ ಅತಿಥಿಗಳು

ನಾಲ್ಕು ಗಂಟೆಯ ಮೇಲೆ ಮತ್ತೆ ಬಯಲಿಗೆ ಹೋಗೋಣ. ಹುಲ್ಲಿನ ಮೇಲೆ ತೀರ ಕೆಳಮಟ್ಟದಲ್ಲಿ, ರೆಕ್ಕೆಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎತ್ತಿ ತೇಲುವ ಹದ್ದೊಂದು ಕಂಡರೆ ಅದು ಸೆಳೆವ. ಕಜಾಕ್‌ಸ್ತಾನದಂಥ ದೂರದ ಹುಲ್ಲುಗಾಡುಗಳಲ್ಲಿ ಹುಟ್ಟಿ ಚಳಿಗಾಲವನ್ನು ನಮ್ಮಲ್ಲಿ ಕಳೆಯುವ ಈ ಅತಿಥಿ ಮಾರ್ಚಿಯಲ್ಲಿ ಮರುಪಯಣಕ್ಕೆ ಅಣಿಯಾಗುತ್ತಿರುತ್ತದೆ. ಇದರ ಮುಖ್ಯ ಆಹಾರಗಳಲ್ಲಿ ಮಿಡತೆಯೊಂದು. ಆದುದರಿಂದ ಇದು ರೈತನ ಮಿತ್ರ. ರಾತ್ರಿ ತಂಗುವುದು ಮರದಲ್ಲಲ್ಲ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆ, ಗುಂಪಾಗಿ. ಕತ್ತಲಾದ ಮೇಲೆ ಬಂಡೆಗೆ ಬಿದ್ದ ಗೋಲಿ ಪುಟಿಪುಟಿದು ನಿಲ್ಲುವಂತಹ ಸದ್ದು ಕೇಳಿದರೆ ಅದು ನತ್ತಿಂಗ. ಅದರೊಡನೆ ನಮ್ಮ ಹಗಲು ಮುಗಿಯುತ್ತದೆ.

ಇದು ಬಂಜರು ನೆಲವೇ?

ಮೇಲೆ ಹೇಳಿದ ಗೌಜಲು, ನೆಲಗುಬ್ಬಿ, ಟಿಟ್ಟಿಭ, ಸೆಳೆವ, ನತ್ತಿಂಗ ಎಲ್ಲವೂ ನೆಲವನ್ನೇ ನಂಬಿದವು. ಅವುಗಳಿಗೆ ಬೇಕಾದುದು ಕಾಡಲ್ಲ, ತೆರೆದ ಬಯಲು. ಹಿಂದೆ ಮೈಸೂರು ಸಂಸ್ಥಾನದಲ್ಲಿ ಇಂಥ ಬಯಲುಗಳಿಗೆ ರಕ್ಷಣೆಯಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಅದರ ದನಗಳ ಮೇವಿಗಾಗಿ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ದನಗಳಿಗೆಂದು ಉಳಿಸಿದ ಹುಲ್ಲು ಹಕ್ಕಿಗಳನ್ನೂ ಉಳಿಸಿತು. ಬರಬರುತ್ತ ಅವು ‘ಬಂಜರು’ ಎನಿಸಿಕೊಂಡವು. ಕೆಲವು ಸಾಗುವಳಿಗೆ ಹೋದವು. ಕೆಲವೆಡೆ ನೀಲಗಿರಿ, ಅಕೇಶಿಯ ನೆಟ್ಟರು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ಸಂಶೋಧನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಗಿಡ ನೆಡುವುದು ಪುಣ್ಯಕಾರ್ಯವೆಂದು ನಾವು ಬಗೆಯುತ್ತೇವೆ. ಆದರೆ ಹುಲ್ಲುಗಾವಲಿನಲ್ಲಿ ತೋಪು ಎಬ್ಬಿಸಿದರೆ ಸೆಳೆವಕ್ಕೆ ತಂಗಲು ತಾವಿಲ್ಲ.

ಇದರ ಪರಿಣಾಮವನ್ನು ಎರೆಭೂತದ ಕಥೆ ಹೇಳುತ್ತದೆ. ಗಂಡು ಸುಮಾರು 15 ಕಿಲೊಗ್ರಾಂವರೆಗೆ ತೂಗುವ, ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆಯಿಡುವ ಈ ಭಾರಿ ಹಕ್ಕಿ ಬಯಲುಸೀಮೆಯ ಹೆಮ್ಮೆಯಾಗಿತ್ತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವೊಂದನ್ನು ಸ್ಥಾಪಿಸಿದರೂ ಅಲ್ಲಿ ಅದು ಉಳಿಯಲಿಲ್ಲ. ಇಂದು ಪ್ರಪಂಚದಲ್ಲೆಲ್ಲ ಕೂಡಿ ಉಳಿದಿರುವುದು ಒಂದೂವರೆ ನೂರರ ಆಸುಪಾಸು, ಬಹುಭಾಗ ರಾಜಸ್ಥಾನದಲ್ಲಿ. ಕರ್ನಾಟಕದ ಪಾಲಿಗೆ ಬಳ್ಳಾರಿಯ ಸಿರುಗುಪ್ಪದ ಸೀಮೆಯಲ್ಲಿರುವ ಬೆರಳೆಣಿಕೆಯ ಹಕ್ಕಿಗಳೇ ಗತಿ.

ವಿದ್ಯಾರ್ಥಿಗಳು ಏನು ಮಾಡಬಹುದು? ಲೆಕ್ಕವಿಡಬಹುದು. ಸಲೀಂ ಆಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷಿಸಿದುದರಿಂದಲೇ ಅಂದು ಏನಿತ್ತೆಂಬುದನ್ನು ನಾವು ಇಂದು ಬಲ್ಲೆವು. ನಿಮ್ಮೂರಿನ ಒಂದೇ ಬಯಲನ್ನು ಆರಿಸಿಕೊಂಡು ತಿಂಗಳಿಗೊಮ್ಮೆ, ಒಂದೇ ವೇಳೆಯಲ್ಲಿ, ಒಂದೇ ದಾರಿಯಲ್ಲಿ ನಡೆದು ಕಂಡ ಹಕ್ಕಿ, ಸಂಖ್ಯೆ, ದಿನಾಂಕ ಇವನ್ನು ಬರೆದಿಡಿ. ಗೂಡು ಕಂಡರೆ ಮುಟ್ಟಬೇಡಿ; ಬಹಳ ಹೊತ್ತು ಬಳಿಯಲ್ಲಿ ನಿಲ್ಲಬೇಡಿ, ನೀವು ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಿನಲ್ಲಿ ಬೇಯುತ್ತಿರುತ್ತದೆ. ಅಪರೂಪದ ಹಕ್ಕಿಗಾಗಿ ಕಾಯಬೇಕಾಗಿಲ್ಲ. ಮೊದಲ ಪುಟಕ್ಕೆ ಒಂದು ಟಿಟ್ಟಿಭ ಸಾಕು.